ಸೂಜಿಗೆ ಮೈಯೊಡ್ಡುವ ಮೊದಲು: ಅಕ್ಯುಪಂಕ್ಚರ್ ತಿಳಿದುಕೊಂಡು ಹೆಜ್ಜೆ ಇಡುವುದು ಹೇಗೆ?

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತಗಿನ ಒಂದು ಜಾಗ ಇದೆಯಲ್ಲ, ನನಗೆ ಮೊದಲ ಸೂಜಿ ಚುಚ್ಚಿದ್ದು ಅಲ್ಲೇ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾಯುತ್ತಿದ್ದೆ. ಎಷ್ಟು ಹೊತ್ತಾದರೂ ನೋವೇ ಇಲ್ಲ. ‘ಇನ್ನೂ ಚುಚ್ಚಲಿಲ್ವಾ?’ ಅಂತ ಕೇಳಿದೆ. ‘ಆಗಲೇ ಮೂರು ಹಾಕಿ ಆಯಿತಲ್ಲ’ ಅಂದರು ಸೂಜಿ ಹಾಕುತ್ತಿದ್ದ ವೈದ್ಯರು. ಆಮೇಲೆ ಅವರು ಆ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವಿದರು. ಆಗ ಕೈಯೊಳಗೆ ಏನೋ ಭಾರವಾದ ಹಾಗೆ, ಜೋಮು ಹಿಡಿದ ಹಾಗೆ ಆಗಿ, ಅದು ಮೊಣಕೈವರೆಗೆ ಹತ್ತಿತು. ನೋವು ಅನ್ನಲು ಬಾರದು, ಸುಖ ಅಂತಲೂ ಅಲ್ಲ. ನಾನು ಹೋಗಿದ್ದು ತಲೆನೋವಿಗೆ. ಹಣೆಗೆ ಪಟ್ಟಿ ಬಿಗಿದ ಹಾಗೆ ವಾರಕ್ಕೆ ಮೂರು ನಾಲ್ಕು ದಿನ ಬರುತ್ತಿದ್ದ ತಲೆನೋವು.

ಅಕ್ಯುಪಂಕ್ಚರ್ ಅಂದ ಕೂಡಲೇ ಜನ ಎರಡು ಪಂಗಡ ಆಗಿಬಿಡುತ್ತಾರೆ. ಕೆಲವರಿಗೆ ಅದು ಎಲ್ಲ ಕಾಯಿಲೆಗೂ ಮದ್ದು. ಇನ್ನು ಕೆಲವರಿಗೆ ಬರೀ ಬೂಟಾಟಿಕೆ. ಯಾವ ನೋವಿಗೆ, ಎಷ್ಟು ದಿನಕ್ಕೆ, ಯಾರ ಕೈಯಲ್ಲಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಸಲಹೆ ಇಷ್ಟೇ: ಇದನ್ನು ನಂಬುವ ಅಥವಾ ನಂಬದಿರುವ ವಿಷಯ ಮಾಡಿಕೊಳ್ಳಬೇಡಿ. ವೈದ್ಯರು ಹೊಸ ಮಾತ್ರೆ ಕೊಟ್ಟು ‘ಆರು ವಾರ ತಗೊಂಡು ನೋಡೋಣ’ ಅನ್ನುತ್ತಾರಲ್ಲ, ಹಾಗೆ ನೋಡಿ. ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಬರೆದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ತಯಾರಿ ಕೆಳಗಿದೆ.

ಹೆಜ್ಜೆ 1: ಇದು ಏನು, ಎಲ್ಲಿಂದ ಬಂತು ಅಂತ ಗೊತ್ತಿರಲಿ

ಕೂದಲೆಳೆಗಿಂತ ಸ್ವಲ್ಪ ದಪ್ಪ ಇರುವ ಉಕ್ಕಿನ ಸೂಜಿಗಳನ್ನು ಮೈಮೇಲಿನ ಗೊತ್ತಾದ ಜಾಗಗಳಲ್ಲಿ ಚುಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ತೆಗೆಯುವುದು. ಅಕ್ಯುಪಂಕ್ಚರ್ ಅಂದರೆ ಅಷ್ಟೇ. ಸೂಜಿಯಲ್ಲಿ ಔಷಧ ಇರುವುದಿಲ್ಲ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳೂ ಇಲ್ಲ. ತುಂಬಾ ಜನ ಇದನ್ನೇ ತಪ್ಪು ತಿಳಿದು ಹೆದರುತ್ತಾರೆ.

ಹುಟ್ಟಿದ್ದು ಚೀನಾದಲ್ಲಿ. ‘ಹಳದಿ ಚಕ್ರವರ್ತಿಯ ಒಳಗ್ರಂಥ’ ಅಂತ ಹೆಸರಿರುವ ಹಳೆಯ ವೈದ್ಯಗ್ರಂಥದಲ್ಲಿ ಇದರ ವಿವರ ಸಿಗುತ್ತದೆ. ಅದು 2,000 ವರ್ಷಕ್ಕೂ ಹಿಂದಿನದು. ಅದರ ಲೆಕ್ಕದಲ್ಲಿ ದೇಹದೊಳಗೆ ‘ಚಿ’ ಅನ್ನುವ ಜೀವಶಕ್ತಿ ದಾರಿಗಳಲ್ಲಿ ಹರಿಯುತ್ತದೆ. ಆ ದಾರಿಗಳಿಗೆ ಇಂಗ್ಲಿಷಿನವರು ಮೆರಿಡಿಯನ್ ಅಂದರು. ಹರಿವು ಎಲ್ಲೋ ಕಟ್ಟಿಕೊಂಡರೆ ಕಾಯಿಲೆ. ಸೂಜಿ ಆ ಕಟ್ಟನ್ನು ಬಿಡಿಸುತ್ತದೆ. ಮುಖ್ಯ ದಾರಿಗಳು 14. ಸೂಜಿ ಚುಚ್ಚುವ ಜಾಗಗಳಿಗೆ ಬಿಂದು ಅನ್ನುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವ ಬಿಂದುಗಳು 361.

ಚೀನಾದಲ್ಲೂ ಇದಕ್ಕೆ ಯಾವಾಗಲೂ ಮರ್ಯಾದೆ ಇತ್ತು ಅಂದುಕೊಳ್ಳಬೇಡಿ. 1822ರಲ್ಲಿ ಅಲ್ಲಿನ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಇದನ್ನು ಹೊರಹಾಕಿದ. ಮತ್ತೆ ಎತ್ತಿ ಹಿಡಿದದ್ದು 1950ರ ದಶಕದಲ್ಲಿ ಮಾವೋ ಸರ್ಕಾರ. ‘ಸಾವಿರಾರು ವರ್ಷದಿಂದ ಬಂದಿದೆ, ಅದಕ್ಕೇ ಸರಿ’ ಅನ್ನುವ ಮಾತು ಕೇಳಿದಾಗ ಈ ಏರಿಳಿತ ನೆನಪಿರಲಿ. ಅಕ್ಯುಪಂಕ್ಚರ್ ಅನ್ನುವ ಹೆಸರೂ ಚೀನೀ ಅಲ್ಲ. ಜಪಾನಿನಲ್ಲಿ ಇದನ್ನು ಕಂಡ ಡಚ್ ವೈದ್ಯ ವಿಲ್ಲೆಂ ಟೆನ್ ರೈನೆ 1683ರಲ್ಲಿ ಲ್ಯಾಟಿನ್ ಪದಗಳಿಂದ ಕಟ್ಟಿದ ಹೆಸರು ಅದು. ಸೂಜಿ ಮತ್ತು ಚುಚ್ಚುವುದು, ಎರಡೇ ಪದ.

ಪಶ್ಚಿಮದ ದೇಶಗಳಲ್ಲಿ ಇದಕ್ಕೆ ಹುಚ್ಚು ಹತ್ತಿದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋಗಿದ್ದಾಗ ಅಪೆಂಡಿಕ್ಸ್ ಆಪರೇಶನ್ ಆಯಿತು. ಅರಿವಳಿಕೆ ಕೊಡದೆ ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರು ಅನ್ನುವ ಕಥೆ ಈಗಲೂ ಓಡಾಡುತ್ತಿದೆ. ಅದು ಸುಳ್ಳು. ಆಪರೇಶನ್ ಆಗಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆಯಲ್ಲಿ ಗಾಳಿ ತುಂಬಿ ಸಂಕಟವಾದಾಗ ಮೊಣಕೈಗೂ ಮಂಡಿಯ ಕೆಳಗೂ ಸೂಜಿ ಹಾಕಿದರು, ಹಗುರಾಯಿತು ಅಂತ ಅವರೇ ಬರೆದಿದ್ದಾರೆ. ಅಕ್ಯುಪಂಕ್ಚರ್ ಬಗ್ಗೆ ಕೇಳುವ ಎಷ್ಟೋ ಕಥೆಗಳು ಹೀಗೇ. ಒಳಗೊಂದು ಸಣ್ಣ ನಿಜ ಇರುತ್ತದೆ, ಬಾಯಿಂದ ಬಾಯಿಗೆ ಹೋಗುತ್ತಾ ಊದಿಕೊಳ್ಳುತ್ತದೆ.

ಹೆಜ್ಜೆ 2: ಮೊದಲು ಕಾಯಿಲೆಗೆ ಹೆಸರು ಬೀಳಲಿ

ಇದೊಂದು ಹೆಜ್ಜೆ ಮಾತ್ರ ಯಾರೂ ಹಾರಿಸಬಾರದು. ಸೂಜಿ ನೋವನ್ನು ತಗ್ಗಿಸಬಹುದು. ನೋವು ಯಾಕೆ ಬಂತು ಅಂತ ಹೇಳುವುದಿಲ್ಲ. ಸೊಂಟನೋವು ಸ್ನಾಯು ಸೆಳೆತದಿಂದಲೂ ಬರುತ್ತದೆ, ಕಿಡ್ನಿ ಕಲ್ಲಿನಿಂದಲೂ ಬರುತ್ತದೆ, ಅಪರೂಪಕ್ಕೆ ಗಡ್ಡೆಯಿಂದಲೂ ಬರುತ್ತದೆ. ಕಾರಣ ತಿಳಿಯದೆ ನೋವನ್ನು ಮಾತ್ರ ಮುಚ್ಚಿಟ್ಟರೆ ಒಳಗಿನ ಕಾಯಿಲೆ ಆರಾಮಾಗಿ ಬೆಳೆಯುತ್ತದೆ.

ಹಾಗಾಗಿ ಮೊದಲು ಮಾಮೂಲಿ ವೈದ್ಯರ ಹತ್ತಿರ ಹೋಗಿ. ಎದೆನೋವು, ಇದ್ದಕ್ಕಿದ್ದಂತೆ ಕೈಕಾಲು ಸೋಲುವುದು, ಮಾತು ತೊದಲುವುದು, ಜೀವಮಾನದಲ್ಲೇ ಕಂಡಿರದಂಥ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಲಮೂತ್ರದ ಹಿಡಿತ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು: ಇಂಥವು ಇದ್ದರೆ ಸೂಜಿಯ ಮಾತೇ ಬೇಡ, ನೇರ ಆಸ್ಪತ್ರೆಗೆ. ಪರೀಕ್ಷೆಗಳಾಗಿ, ‘ದೊಡ್ಡ ತೊಂದರೆ ಏನೂ ಇಲ್ಲ, ಆದರೆ ನೋವು ಬೇಗ ಹೋಗಲ್ಲ’ ಅಂತ ವೈದ್ಯರು ಹೇಳಿದರೆ ಅಲ್ಲಿಂದ ಅಕ್ಯುಪಂಕ್ಚರ್ ಬಗ್ಗೆ ಯೋಚಿಸಬಹುದು.

ಹೆಜ್ಜೆ 3: ನಿಮ್ಮ ತೊಂದರೆಗೆ ಇದು ಆಗುತ್ತದಾ ಅಂತ ನೋಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ಅಸಲು ವಿಷಯ ಇರುವುದು ಇಲ್ಲೇ.

ಮಾತ್ರೆಯ ಪರೀಕ್ಷೆ ಸುಲಭ. ಅರ್ಧ ಜನಕ್ಕೆ ಔಷಧ ಕೊಡುತ್ತಾರೆ, ಅರ್ಧ ಜನಕ್ಕೆ ಅದೇ ಬಣ್ಣದ ಸಕ್ಕರೆ ಗುಳಿಗೆ. ಯಾರಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಸೂಜಿಗೆ ಹಾಗೆ ಮಾಡುವುದು ಹೇಗೆ? ಚುಚ್ಚಿದರೆ ಚುಚ್ಚಿದ್ದು ಗೊತ್ತಾಗುತ್ತದಲ್ಲ. ಅದಕ್ಕೆ ಸಂಶೋಧಕರು ಹುಸಿ ಸೂಜಿ ಹುಡುಕಿದರು. ಒಂದು ಬಗೆಯದು ನಾಟಕದ ಚಾಕುವಿನ ಹಾಗೆ: ಒತ್ತಿದರೆ ತನ್ನ ಹಿಡಿಯೊಳಗೇ ಜಾರಿಕೊಳ್ಳುತ್ತದೆ, ಚರ್ಮಕ್ಕೆ ಮೊನೆ ತಾಗಿದ್ದಷ್ಟೇ ತಿಳಿಯುತ್ತದೆ. ಇನ್ನೊಂದು ಬಗೆ, ನಿಜವಾದ ಸೂಜಿಯನ್ನೇ ಬಿಂದು ಇಲ್ಲದ ಕಡೆ, ಆಳಕ್ಕೆ ಇಳಿಸದೆ ಮೇಲುಮೇಲೆ ಚುಚ್ಚುವುದು.

ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ಜನರ ಮೇಲೆ ಇಂಥ ಪರೀಕ್ಷೆ ಮಾಡಿದರು. ಫಲಿತಾಂಶ ಬಂದದ್ದು 2007ರಲ್ಲಿ. ಆರು ತಿಂಗಳ ನಂತರ ಸಾಕಷ್ಟು ಸುಧಾರಿಸಿದವರು ಯಾರು ಅಂತ ಎಣಿಸಿದರು. ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ 47.6%. ಬಿಂದು ಬಿಟ್ಟು ಬೇರೆ ಕಡೆ ಚುಚ್ಚಿಸಿಕೊಂಡವರಲ್ಲಿ 44.2%. ಔಷಧ, ಫಿಸಿಯೋಥೆರಪಿ, ವ್ಯಾಯಾಮದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 27.4%.

ಈ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮಾಮೂಲಿ ಚಿಕಿತ್ಸೆಗಿಂತ ಸೂಜಿ ಎಷ್ಟೋ ಮೇಲು, ಇದು ಅಭಿಮಾನಿಗಳಿಗೆ ಖುಷಿ. ನಿಜ ಬಿಂದುವಿಗೂ ಸುಳ್ಳು ಬಿಂದುವಿಗೂ ಹೆಚ್ಚೇನೂ ವ್ಯತ್ಯಾಸ ಇಲ್ಲ, ಇದು ಟೀಕಾಕಾರರಿಗೆ ಖುಷಿ. ಇಬ್ಬರೂ ತಮಗೆ ಬೇಕಾದ ಅಂಕಿಯನ್ನು ಮಾತ್ರ ಹೇಳುತ್ತಾರೆ. ನನಗೆ ಅನ್ನಿಸುವುದು ಹೀಗೆ: ಎಲ್ಲಿ ಚುಚ್ಚಿದರು ಅನ್ನುವುದಕ್ಕಿಂತ ಚುಚ್ಚಿದರು, ಮುಟ್ಟಿದರು, ಅರ್ಧ ಗಂಟೆ ಸುಮ್ನೆ ಮಲಗಿಸಿದರು, ನಮ್ಮ ಮಾತು ಕೇಳಿಸಿಕೊಂಡರು ಅನ್ನುವುದೇ ಹೆಚ್ಚಿನ ಕೆಲಸ ಮಾಡುತ್ತಿರಬೇಕು. ನೋವು ನಿಜವಾಗಿಯೂ ಇಳಿದಿದ್ದರೆ ಅದನ್ನು ‘ಬರೀ ಮನಸ್ಸಿನದು’ ಅಂತ ತಳ್ಳಿಹಾಕುವುದೂ ಸರಿಯಲ್ಲ. ನೋವನ್ನು ತಿಳಿಯುವುದೇ ಮಿದುಳು ತಾನೇ?

ಇಂಥ 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ ಲೆಕ್ಕ 2018ರಲ್ಲಿ ಬಂತು. ಸೊಂಟ, ಕುತ್ತಿಗೆ, ಭುಜ, ಮಂಡಿ ಸವೆತ, ಹಳೆಯ ತಲೆನೋವು, ಇವಕ್ಕೆ ಸಂಬಂಧಿಸಿದ ಲೆಕ್ಕ ಅದು. ಹುಸಿ ಸೂಜಿಗಿಂತ ನಿಜವಾದದ್ದು ಸ್ವಲ್ಪವೇ ಮೇಲು, ಸೂಜಿಯೇ ಹಾಕಿಸಿಕೊಳ್ಳದೆ ಇರುವುದಕ್ಕಿಂತ ಸಾಕಷ್ಟು ಮೇಲು, ಸಿಕ್ಕ ಲಾಭದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು ಅಂತ ಅದು ಹೇಳಿತು. ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆಯ 2016ರ ವಿಮರ್ಶೆ ಅರೆತಲೆನೋವಿನ ಬಗ್ಗೆ ಇದೆ, 22 ಪರೀಕ್ಷೆಗಳದು. ಅದರ ಪ್ರಕಾರ, ಮಾಮೂಲಿ ಆರೈಕೆ ಮಾತ್ರ ಸಿಕ್ಕ 100 ಜನರಲ್ಲಿ 17 ಮಂದಿಗೆ ತಲೆನೋವಿನ ದಿನಗಳು ಅರ್ಧಕ್ಕೆ ಇಳಿದರೆ, ಅಕ್ಯುಪಂಕ್ಚರ್ ಸೇರಿಸಿದಾಗ 41 ಮಂದಿಗೆ ಇಳಿದವು. ಆಪರೇಶನ್ ನಂತರದ ವಾಕರಿಕೆ, ವಾಂತಿಗೆ ಮಣಿಕಟ್ಟಿನ ಒಂದು ಬಿಂದು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೂ ಸಾಕಷ್ಟು ಆಧಾರ ಇದೆ.

ತಜ್ಞರೇ ಒಂದೇ ಮಾತು ಆಡುವುದಿಲ್ಲ ಅನ್ನುವುದೂ ತಿಳಿದಿರಲಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಅಂತ 2016ರಲ್ಲಿ ಹೇಳಿತು. ಮರುವರ್ಷವೇ ಅಮೆರಿಕದ ವೈದ್ಯರ ಸಂಘವೊಂದು ಅದೇ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನೂ ಸೇರಿಸಿತು. ಇಬ್ಬರ ಮುಂದೆ ಇದ್ದದ್ದು ಹೆಚ್ಚುಕಡಿಮೆ ಅದೇ ಪುರಾವೆ. ಹುಸಿ ಸೂಜಿಯ ಜೊತೆ ಹೋಲಿಸಿದರೆ ಒಂದು ತೀರ್ಪು, ರೋಗಿಗೆ ಕೊನೆಗೆ ಏನು ಸಿಕ್ಕಿತು ಅಂತ ನೋಡಿದರೆ ಇನ್ನೊಂದು.

ಆಗದ್ದರ ಪಟ್ಟಿ ಉದ್ದ ಇದೆ. ಕ್ಯಾನ್ಸರ್ ಗಡ್ಡೆ, ಸಕ್ಕರೆ ಕಾಯಿಲೆ, ಸೋಂಕು, ಮುರಿದ ಮೂಳೆ, ಇವನ್ನು ಸೂಜಿ ವಾಸಿ ಮಾಡುವುದಿಲ್ಲ. ಕ್ಯಾನ್ಸರ್ ರೋಗಿಗಳಿಗೆ ಕೀಮೋಥೆರಪಿಯ ವಾಕರಿಕೆ ತಗ್ಗಿಸಲು ಜೊತೆಗೆ ಬಳಸುತ್ತಾರೆ, ಅದು ಬೇರೆ ವಿಷಯ. ಸಿಗರೇಟು ಬಿಡಿಸಲು ಬಳಸುವುದುಂಟು, ಆದರೆ ದೀರ್ಘಕಾಲ ಬಿಟ್ಟರು ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದ 848 ಹೆಂಗಸರ ಮೇಲೆ ನಡೆದ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಸೂಜಿ ಹಾಕಿಸಿಕೊಂಡವರಲ್ಲಿ 18.3% ಮಂದಿಗೆ ಮಗುವಾಯಿತು, ಹುಸಿ ಸೂಜಿಯವರಲ್ಲಿ 17.8% ಮಂದಿಗೆ. ಮಗು ಬೇಕೆಂಬ ಆಸೆಯಲ್ಲಿ ಇರುವವರಿಗೆ ಸೂಜಿಯ ಭರವಸೆ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಒಳಗೆ ಏನಾಗುತ್ತದೆ?

ಇದು ಹೆಜ್ಜೆಯಲ್ಲ, ಆದರೂ ಕೇಳದೆ ಯಾರೂ ಬಿಡುವುದಿಲ್ಲ. ಶವ ಕೊಯ್ದು ನೋಡಿದರೆ ಮೆರಿಡಿಯನ್ ಅನ್ನುವ ಕೊಳವೆ ಎಲ್ಲೂ ಸಿಗುವುದಿಲ್ಲ. ನರಗಳು ಸಿಗುತ್ತವೆ. ಸೂಜಿ ಆ ನರಗಳನ್ನು ಕೆಣಕಿದಾಗ ಮಿದುಳು, ಬೆನ್ನುಹುರಿಯಲ್ಲಿ ಎಂಡಾರ್ಫಿನ್ ಥರದ ನೋವು ತಗ್ಗಿಸುವ ರಾಸಾಯನಿಕಗಳು ಬಿಡುಗಡೆ ಆಗುತ್ತವೆ ಅನ್ನುವುದು ಒಂದು ವಿವರಣೆ. 1970ರ ದಶಕದ ಪ್ರಯೋಗಗಳಲ್ಲಿ ಅಂಥ ರಾಸಾಯನಿಕಗಳನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟಾಗ ಸೂಜಿಯ ಪರಿಣಾಮ ಕಡಿಮೆಯಾಯಿತು. 2010ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸೂಜಿ ತಿರುವಿದ ಜಾಗದಲ್ಲೇ ಅಡೆನೋಸಿನ್ ಅನ್ನುವ ವಸ್ತು ಹೆಚ್ಚಾಗಿ ನೋವಿನ ಸಂದೇಶ ಮಂಕಾಗಿದ್ದು ಕಂಡಿತು. ಮೊಣಕೈ ಬಾಗಿಲಿಗೆ ತಾಗಿದಾಗ ತಕ್ಷಣ ಅಲ್ಲೇ ಉಜ್ಜಿಕೊಳ್ಳುತ್ತೇವಲ್ಲ, ಉಜ್ಜಿದರೆ ಹಗುರ ಅನಿಸುತ್ತದೆ. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲು ಇದ್ದ ಹಾಗೆ, ಬೇರೆ ಸ್ಪರ್ಶ ಬಂದರೆ ಅದು ಅರ್ಧ ಮುಚ್ಚಿಕೊಳ್ಳುತ್ತದೆ ಅನ್ನುವ 1965ರ ಸಿದ್ಧಾಂತವನ್ನೂ ಕೆಲವರು ಇಲ್ಲಿಗೆ ತರುತ್ತಾರೆ.

ಹೆಜ್ಜೆ 4: ಸೂಜಿ ಹಿಡಿಯುವ ಕೈಯನ್ನು ಪರೀಕ್ಷೆ ಮಾಡಿ

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಪರವಾನಗಿ ಬೇಕೇಬೇಕು, ಕೆಲವು ಕಡೆ ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡು ಹಾಕಿಕೊಂಡವರೂ ಸಿಗುತ್ತಾರೆ. ನಿಮ್ಮ ಕಡೆಯ ನಿಯಮ ಏನು ಅಂತ ಮೊದಲು ತಿಳಿದುಕೊಳ್ಳಿ. ಅಳತೆಗೆ ಬೇಕಾದರೆ: ವೈದ್ಯರಲ್ಲದವರು ಪೂರ್ತಿ ಅಕ್ಯುಪಂಕ್ಚರ್ ಕಲಿಯಲು 2,500 ಗಂಟೆ ತರಬೇತಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು.

ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿಬಿಡಿ. ಎಲ್ಲಿ ಕಲಿತಿರಿ, ಎಷ್ಟು ಕಾಲ? ನನ್ನಂಥ ತೊಂದರೆಯವರನ್ನು ನೋಡಿದ್ದೀರಾ? ಸೂಜಿ ಒಂದೇ ಸಲ ಬಳಸಿ ಬಿಸಾಡುವಂಥದ್ದೇ? ಎಷ್ಟು ಸಲ ಬಂದರೆ ಗುಣ ಗೊತ್ತಾಗಬೇಕು? ಕೊನೆಯ ಪ್ರಶ್ನೆಗೆ ಬರುವ ಉತ್ತರ ಗಮನಿಸಿ. ‘ಆರು ಸಲ ನೋಡೋಣ, ಆಗದಿದ್ದರೆ ಬೇರೆ ದಾರಿ ಯೋಚಿಸೋಣ’ ಅನ್ನುವವರು ಒಳ್ಳೆಯವರು. ‘ಮೊದಲೇ 30 ಸಲದ ಹಣ ಕಟ್ಟಿ, ಖಂಡಿತ ವಾಸಿ’ ಅನ್ನುವವರಿಗೆ ದೂರದಿಂದಲೇ ನಮಸ್ಕಾರ.

ನಾನು ಮೊದಲು ಹೋದ ಒಬ್ಬರು ನಾಲಿಗೆ ನೋಡಿ, ನಾಡಿ ಹಿಡಿದು, ಚೆನ್ನಾಗಿಯೇ ಮಾತಾಡಿದರು. ಕೊನೆಗೆ, ‘ಬಿಪಿ ಮಾತ್ರೆ ಈ ತಿಂಗಳು ನಿಲ್ಲಿಸಿ, ಸೂಜಿಯೇ ಸಾಕು’ ಅಂದರು. ಅಲ್ಲಿಂದ ಎದ್ದು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಇನ್ನೊಬ್ಬ ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲಿಸಿ ಅಂತ ಹೇಳುವವರು ಎಷ್ಟೇ ಹೆಸರುವಾಸಿ ಆಗಿರಲಿ, ನಿಮಗೆ ಬೇಡ.

ಹೆಜ್ಜೆ 5: ಮುಚ್ಚಿಡದೆ ಹೇಳಿ

ಸೂಜಿ ಚಿಕಿತ್ಸೆ ತೀರಾ ಅಪಾಯದ್ದಲ್ಲ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ವರದಿ 2009ರಲ್ಲಿ ಬಂತು. 8.6% ಜನಕ್ಕೆ ಏನಾದರೊಂದು ಸಣ್ಣಪುಟ್ಟ ತೊಂದರೆ ಆಗಿತ್ತು. ಹೆಚ್ಚಿನವು ಒಂದು ಹನಿ ರಕ್ತ ಅಥವಾ ಚರ್ಮ ನೀಲಿಗಟ್ಟುವುದು. ಎದೆಯ ಭಾಗಕ್ಕೆ ಸೂಜಿ ಆಳವಾಗಿ ಹೋಗಿ ಶ್ವಾಸಕೋಶ ಕುಗ್ಗಿದ್ದು ಇಬ್ಬರಿಗೆ. ಅಪರೂಪ ನಿಜ, ಆದರೆ ಕಲಿಯದ ಕೈಗೆ ಎದೆ, ಬೆನ್ನಿನ ಮೇಲ್ಭಾಗ ಕೊಡಬಾರದು ಅನ್ನುವುದು ಅದಕ್ಕೇ.

ನೀವು ವಾರ್ಫರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಹೇಳಿ. ಗರ್ಭಿಣಿಯಾಗಿದ್ದರೆ, ಆಗಿರಬಹುದು ಅನ್ನುವ ಅನುಮಾನ ಇದ್ದರೂ ಹೇಳಿ. ಆ ಸಮಯದಲ್ಲಿ ಕೆಲವು ಬಿಂದುಗಳನ್ನು ಅವರು ಮುಟ್ಟುವುದಿಲ್ಲ, ನನಗೆ ಮೊದಲು ಚುಚ್ಚಿದರಲ್ಲ, ಆ ಹೆಬ್ಬೆರಳ ಪಕ್ಕದ್ದೂ ಅದರಲ್ಲಿ ಒಂದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟು ಕೊಡುವ ಬಗೆ ಬೇಡ. ನಿಕಲ್ ಅಲರ್ಜಿ, ಮೂರ್ಛೆ ರೋಗ, ರೋಗನಿರೋಧಕ ಶಕ್ತಿ ಕುಗ್ಗಿರುವುದು, ಕಂಕುಳಿನ ಗ್ರಂಥಿ ತೆಗೆದು ಊದಿಕೊಂಡಿರುವ ಕೈ, ಇವನ್ನೂ ಹೇಳಬೇಕು. ಸೂಜಿ ಕಂಡರೆ ತಲೆ ತಿರುಗುವವರು ಅದನ್ನೂ ಹೇಳಿ, ನಾಚಿಕೆ ಬೇಡ. ಕೂರಿಸುವ ಬದಲು ಮಲಗಿಸಿ ಚುಚ್ಚುತ್ತಾರೆ, ಅಷ್ಟೇ.

ಹೆಜ್ಜೆ 6: ಹೋಗುವ ದಿನ

ತೀರಾ ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ತೋಳು, ಮಂಡಿವರೆಗೆ ಸುಲಭವಾಗಿ ಮಡಚಬಹುದಾದ ಸಡಿಲ ಬಟ್ಟೆ ಹಾಕಿಕೊಳ್ಳಿ. ಮೊದಲ ಸಲ ಒಂದು ಗಂಟೆ ಹಿಡಿಯಬಹುದು, ಅರ್ಧ ಹೊತ್ತು ಮಾತಿಗೇ ಹೋಗುತ್ತದೆ. ನಿದ್ದೆ, ಜೀರ್ಣ, ಮುಟ್ಟು, ಮೈ ಬಿಸಿಯೋ ತಂಪೋ, ಹೀಗೆ ತಲೆನೋವಿಗೆ ಸಂಬಂಧವೇ ಇಲ್ಲ ಅನಿಸುವುದನ್ನೂ ಕೇಳುತ್ತಾರೆ. ನಾಲಿಗೆ ಚಾಚಿ ಅನ್ನುತ್ತಾರೆ. ಎರಡೂ ಕೈಯ ನಾಡಿ ಹಿಡಿದು ನೋಡುತ್ತಾರೆ.

ಸೂಜಿಯ ಪೊಟ್ಟಣವನ್ನು ಮಾತ್ರ ಕಣ್ಣು ಬಿಟ್ಟು ನೋಡಿ. ಒಂದು ಕಡೆ ಕಾಗದ, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುವ ಪುಟ್ಟ ಪೊಟ್ಟಣ. ಮೇಲೆ ಎಷ್ಟು ದಿನ ಬಳಸಬಹುದು ಅನ್ನುವ ತಾರೀಖು, ಅಳತೆ ಇರುತ್ತದೆ, 0.25 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಉದ್ದ, ಹೀಗೆ. ಅದನ್ನು ನಿಮ್ಮ ಎದುರಿಗೇ ಹರಿಯಬೇಕು. ಮೊದಲೇ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದರೆ ‘ಹೊಸದು ತೆಗೆಯಿರಿ’ ಅನ್ನಿ. ಸೂಜಿ ಒಂದು ತೆಳುವಾದ ಪ್ಲಾಸ್ಟಿಕ್ ನಳಿಗೆಯೊಳಗೆ ಇರುತ್ತದೆ. ನಳಿಗೆಯನ್ನು ಚರ್ಮದ ಮೇಲೆ ನಿಲ್ಲಿಸಿ, ಮೇಲೆ ಹಣಕಿದ ಸೂಜಿಯ ತುದಿಯನ್ನು ಬೆರಳಿಂದ ಟಕ್ ಅಂತ ತಟ್ಟುತ್ತಾರೆ. ನಳಿಗೆಯ ಒತ್ತಡದ ನಡುವೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ, ನನಗೆ ಮೋಸ ಆಗಿದ್ದು ಹಾಗೆ. ಆಮೇಲೆ ನಳಿಗೆ ತೆಗೆದು ಬೇಕಾದಷ್ಟು ಆಳಕ್ಕೆ ಇಳಿಸುತ್ತಾರೆ.

ಬಿಂದು ಹುಡುಕಲು ಅವರು ಸ್ಕೇಲು ಹಿಡಿಯುವುದಿಲ್ಲ. ನಿಮ್ಮ ಹೆಬ್ಬೆರಳಿನ ಅಗಲವೇ ಒಂದು ಅಳತೆ, ಅದಕ್ಕೆ ಚುನ್ ಅನ್ನುತ್ತಾರೆ. ನಾಲ್ಕು ಬೆರಳು ಜೋಡಿಸಿದರೆ ಮೂರು ಚುನ್. ಎತ್ತರದವರಿಗೂ ಮಕ್ಕಳಿಗೂ ಅವರವರ ಬೆರಳೇ ಅಳತೆಗೋಲು. ಈ ಜಾಣತನ ನನಗೆ ತುಂಬಾ ಇಷ್ಟವಾಯಿತು.

ಸೂಜಿ ಇಳಿದ ಮೇಲೆ ಬರುವ ಜೋಮು, ಭಾರ, ಒಳಗೆ ಎಳೆದಂಥ ಅನುಭವಕ್ಕೆ ಚೀನೀಯರು ‘ದ ಚಿ’ ಅನ್ನುತ್ತಾರೆ. ಅದು ಮಾಮೂಲಿ. ಆದರೆ ಶಾಕ್ ಹೊಡೆದ ಹಾಗೆ ಚುರುಕ್ ಅಂದರೆ, ಉರಿ ತಡೆಯಲಾಗದಿದ್ದರೆ, ಬೆವರು ಬಂದು ಕಣ್ಣು ಕತ್ತಲಿಟ್ಟರೆ ಸಹಿಸಿಕೊಂಡು ಮಲಗಬೇಡಿ, ಕೂಗಿ ಕರೆಯಿರಿ. 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಅಲುಗಾಡಬಾರದು. ಮೂಗು ತುರಿಸಲು ಶುರುವಾಗುವುದು ಸರಿಯಾಗಿ ಆಗಲೇ!

ತೆಗೆಯುವಾಗ ಎಣಿಸಿ ಅನ್ನಿ. ಹಾಕಿದ್ದು ಹನ್ನೆರಡಾದರೆ ಹೊರಗೆ ಬರುವುದೂ ಹನ್ನೆರಡೇ ಆಗಬೇಕು. ನನಗೆ ಒಮ್ಮೆ ಕೂದಲ ನಡುವೆ ಒಂದು ಉಳಿದುಬಿಟ್ಟಿತ್ತು. ಮನೆಗೆ ಬಂದು ತಲೆ ಬಾಚುವಾಗ ಬಾಚಣಿಗೆಗೆ ಸಿಕ್ಕಿತು. ಏನೂ ಅನಾಹುತ ಆಗಲಿಲ್ಲ, ಆದರೆ ಅಂದಿನಿಂದ ನಾನೇ ಎಣಿಸುತ್ತೇನೆ.

ಅವತ್ತು ಸಂಜೆ ನಿದ್ದೆ ಜೋರಾಗಿ ಬರಬಹುದು. ಮೊದಲ ಸಲವೇ ಗಾಡಿ ಓಡಿಸಿಕೊಂಡು ದೂರ ಹೋಗುವ ಯೋಜನೆ ಬೇಡ. ಚುಚ್ಚಿದ ಜಾಗ ಎರಡು ದಿನದ ಮೇಲೂ ಕೆಂಪಾಗಿ ಊದಿದ್ದರೆ, ಜ್ವರ ಬಂದರೆ, ಉಸಿರಾಡಲು ಕಷ್ಟವಾದರೆ ಅಥವಾ ಎದೆ ನೋವು ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಜೊತೆಗೆ ಬರುವ ಇತರ ಬಗೆಗಳು

ಹೋದ ಕಡೆ ಬೇರೆ ಹೆಸರುಗಳೂ ಕಿವಿಗೆ ಬೀಳುತ್ತವೆ. ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟು ಹರಿಸುವುದು ಎಲೆಕ್ಟ್ರೋ ಅಕ್ಯುಪಂಕ್ಚರ್. ಮಾಚಿಪತ್ರೆ ಜಾತಿಯ ಒಣಗಿದ ಸೊಪ್ಪನ್ನು ಸುಟ್ಟು ಬಿಂದುವಿಗೆ ಕಾವು ಕೊಡುವುದು ಮಾಕ್ಸಿಬಸ್ಶನ್. ಸುಟ್ಟ ಗಾಯ ಆಗದ ಹಾಗೆ ಎಚ್ಚರ ಬೇಕು. ಕಿವಿಯಲ್ಲೇ ಇಡೀ ದೇಹದ ನಕ್ಷೆ ಇದೆ ಅನ್ನುವ ಕಿವಿ ಅಕ್ಯುಪಂಕ್ಚರ್ ಚೀನಾದ್ದು ಅಂತ ಜನ ತಿಳಿದಿದ್ದಾರೆ, ಆ ನಕ್ಷೆ ಬರೆದದ್ದು 1950ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ನೋಜಿಯೇ. ಫಿಸಿಯೋಥೆರಪಿಯವರು ಮಾಡುವ ಡ್ರೈ ನೀಡ್ಲಿಂಗ್‌ನಲ್ಲಿ ಸೂಜಿ ಇದೇ, ಆದರೆ ಚಿ, ಮೆರಿಡಿಯನ್ ಲೆಕ್ಕ ಇಲ್ಲ. ಸ್ನಾಯುವಿನಲ್ಲಿ ಗಂಟಾದ ಕಡೆ ಚುಚ್ಚುತ್ತಾರೆ.

ಸೂಜಿಯೇ ಬೇಡ ಅನ್ನುವವರಿಗೆ ಅಕ್ಯುಪ್ರೆಶರ್ ಇದೆ. ವಾಕರಿಕೆಗೆ ಹೇಳಿದ ಮಣಿಕಟ್ಟಿನ ಬಿಂದುವನ್ನು ನೀವೇ ಹುಡುಕಬಹುದು. ಅಂಗೈ ಮೇಲ್ಮುಖವಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಎರಡು ಹೆಬ್ಬೆರಳ ಅಗಲ ಅಳೆಯಿರಿ. ಮುಷ್ಟಿ ಬಿಗಿದರೆ ನಡುವೆ ಎರಡು ಹುರಿ ಎದ್ದು ಕಾಣುತ್ತವೆ, ಅವುಗಳ ನಡುವಿನ ಹಳ್ಳವೇ ಬಿಂದು. ಇನ್ನೊಂದು ಕೈಯ ಹೆಬ್ಬೆರಳಲ್ಲಿ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಪ್ರಯಾಣದಲ್ಲಿ ನನಗೆ ಇದು ಎಷ್ಟೋ ಸಲ ಕೈ ಹಿಡಿದಿದೆ. ಮನೆಯಲ್ಲಿ ನೀವೇ ಸೂಜಿ ಚುಚ್ಚಿಕೊಳ್ಳುವ ಸಾಹಸ ಮಾತ್ರ ಬೇಡ.

ಹೆಜ್ಜೆ 7: ಬರೆದಿಡಿ, ನಿಲ್ಲಿಸುವ ದಿನ ಬಂದರೆ ನಿಲ್ಲಿಸಿ

ನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತೀರಾ ಜಾಸ್ತಿ ಇದ್ದಾಗ ನಾವು ಚಿಕಿತ್ಸೆಗೆ ಓಡುತ್ತೇವೆ, ಆಮೇಲೆ ಅದು ಇಳಿಯಲೇಬೇಕಲ್ಲ. ಇಳಿದಾಗ ಕೀರ್ತಿ ಸೂಜಿಗೆ ಹೋಗುತ್ತದೆ. ಈ ಮೋಸಕ್ಕೆ ಮದ್ದು ಒಂದು ಪುಟ್ಟ ನೋಟ್‌ಬುಕ್. ಶುರು ಮಾಡುವ ಮುಂಚೆಯೇ ನಾಲ್ಕು ವಾರ ದಿನಾ ರಾತ್ರಿ ಮೂರು ವಿಷಯ ಬರೆಯಿರಿ: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಮಾತ್ರೆ ಎಷ್ಟು ನುಂಗಿದೆ, ನೋವಿನಿಂದ ಯಾವ ಕೆಲಸ ಬಿಟ್ಟೆ. ಚಿಕಿತ್ಸೆ ನಡೆಯುವಾಗಲೂ ಹಾಗೇ ಬರೆಯಿರಿ. ಆ ಹೊತ್ತಿನಲ್ಲಿ ಬೇರೆ ಹೊಸದೇನನ್ನೂ ಶುರು ಮಾಡಬೇಡಿ. ಹೊಸ ದಿಂಬು, ಹೊಸ ಮಾತ್ರೆ, ಯೋಗ, ಸೂಜಿ ಎಲ್ಲ ಒಂದೇ ವಾರ ಬಂದರೆ ಯಾವುದು ಕೆಲಸ ಮಾಡಿತು ಅಂತ ಹೇಳುವವರು ಯಾರು?

ಎಷ್ಟು ಸಲ ಹೋಗಬೇಕು? ತಲೆನೋವು ತಡೆಯಲು 5ರಿಂದ 8 ವಾರದೊಳಗೆ ಹೆಚ್ಚೆಂದರೆ 10 ಸಲ ಅಂತ ನೈಸ್ ಸಂಸ್ಥೆ ಹೇಳುತ್ತದೆ. ನಾನು ಅದನ್ನೇ ಮಿತಿ ಮಾಡಿಕೊಂಡೆ. ಆರನೇ ಸಲ ಮುಗಿದಾಗ ನೋಟ್‌ಬುಕ್ ಬಿಚ್ಚಿ ಮೊದಲಿನ ನಾಲ್ಕು ವಾರದ ಜೊತೆ ಹೋಲಿಸಿ. ಅಂಕಿಗಳು ಮೂರನೇ ಒಂದು ಭಾಗದಷ್ಟಾದರೂ ಇಳಿದಿದ್ದರೆ ಮುಂದುವರಿಸಬಹುದು, ಆಮೇಲೆ ನಿಧಾನವಾಗಿ ತಿಂಗಳಿಗೊಮ್ಮೆಗೆ ಇಳಿಸಬಹುದು. ಅಲುಗಾಡೇ ಇಲ್ಲ ಅಂದರೆ ಅಲ್ಲಿಗೆ ಸಾಕು. ‘ಇನ್ನು ನಾಲ್ಕು ಸಲ ಬನ್ನಿ, ಶಕ್ತಿ ಈಗಷ್ಟೇ ಹರಿಯಲು ಶುರುವಾಗಿದೆ’ ಅಂದರೆ ನೋಟ್‌ಬುಕ್ ತೋರಿಸಿ.

ನನ್ನದರಲ್ಲಿ ಸೂಜಿಗೆ ಮುಂಚಿನ ನಾಲ್ಕು ವಾರದಲ್ಲಿ ತಲೆನೋವಿನ ದಿನ 14. ಹತ್ತು ಸಲ ಮುಗಿದ ಮೇಲಿನ ನಾಲ್ಕು ವಾರದಲ್ಲಿ 8. ಅದೇ ಉಮೇದಿನಲ್ಲಿ ಮರುವರ್ಷ ಭುಜನೋವಿಗೂ ಅದೇ ವೈದ್ಯರ ಹತ್ತಿರ ಹೋದೆ. ಆರು ಸಲ ಆಯಿತು, ಅಂಕಿ ಐದರ ಮೇಲೇ ಕೂತಿತ್ತು. ‘ನಿಮಗೆ ಇದು ಆಗುತ್ತಿಲ್ಲ, ಫಿಸಿಯೋಥೆರಪಿಗೆ ಹೋಗಿ’ ಅಂತ ಅವರೇ ಅಂದರು. ಹೋದೆ.